ಇನ್ನೂ ಬಾರದ ಮಳೆಗೆ ಎತ್ತಿಟ್ಟದ್ದು

ಜೂನ್ ೩

ತಮ್ಮಾ,

ಫೋನಿನಲ್ಲಿ ನಾವಿಬ್ಬರೂ ಹ್ಞೂ ಹ್ಞೂ ಅನ್ನುತ್ತ ಕೂರುತ್ತೇವೆ, ಆಮೇಲೆ ಯಾರಾದರೊಬ್ಬರು ಇಡ್ತೀನಿ ಅನ್ನುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ನಿನ್ನ ಭಾವ ಹೋದ ಮೇಲೆ ನಾನಾಗಿಯೇ ಕೈ ಹಾಕಿದ ಮೊದಲ ಕೆಲಸ ಇದು. ನಿಮ್ಮ ಕಡೆ ನದಿ ಊರೊಳಗೆ ನುಗ್ಗಿತೆಂದು ರೇಡಿಯೋದಲ್ಲಿ ಬಂತು. ಎದುರುಮನೆಯ ಟೈಲರಮ್ಮ ಓಡಿ ಬಂದು, ನಿಮ್ಮ ತಮ್ಮ ಪರಿಹಾರ ಸಾಮಾನಿನ ಗೋದಾಮಿನಲ್ಲೇ ಇರುವಾಗ ನಾವು ಸುಮ್ಮನೆ ಕೂತರೆ ಚೆನ್ನಾಗಿರುತ್ತದೆಯೇ ಎಂದು ಕೇಳಿದಳು. ಸಂಜೆಯ ಹೊತ್ತಿಗೆ ಬೀದಿಯ ಬಟ್ಟೆಯೆಲ್ಲ ನಮ್ಮ ಅಂಗಳದಲ್ಲಿತ್ತು. ಸಿಮೆಂಟ್ ಅಂಗಡಿಯವರು ಲಾರಿ ಕೊಟ್ಟರು, ಬಾಡಿಗೆ ಬೇಡವೆಂದರು. ಎಲ್ಲವನ್ನೂ ನಾನೇ ಮಡಿಸಿದೆ. ಬೆನ್ನು ನೋಯಿತು. ಎಷ್ಟೋ ದಿನದ ಮೇಲೆ ಬೆನ್ನು ಮಾತ್ರ ನೋಯಿತು.

ಲಾರಿಯಲ್ಲಿ ಗಂಟುಗಳ ಮೇಲುಗಡೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿರುವುದು ನಿನ್ನ ಭಾವನ ಅಂಗಿಗಳು. ಡ್ಯೂಟಿಯ ಖಾಕಿಯಲ್ಲ, ರಜೆಯ ದಿನ ತೊಡುತ್ತಿದ್ದವು. ಗೂಟದ ಮೇಲೆ ಅವರು ತೂಗಿ ಹಾಕಿದ ಹಾಗೇ ಇದ್ದವು, ಒಗೆದು ಇಸ್ತ್ರಿ ಮಾಡಿದ್ದೇನೆ. ನೀನೇ ಕೈಯಾರೆ ಕೊಡು. ಯಾರೋ ಒಬ್ಬರು ತೊಟ್ಟುಕೊಂಡರು ಎಂದು ನನಗೆ ತಿಳಿದರೆ ಸಾಕು. ಮಡಿಸಿಟ್ಟ ಬಟ್ಟೆ ಮಡಿಸಿದ ಹಾಗೇ ಇರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.

ನಿನಗೆ ಮುಂಚೆ ಹೇಳಲಿಲ್ಲ. ಇಷ್ಟು ದೊಡ್ಡ ಲಾರಿ ಬಂದು ನಿಂತಾಗ ನಿನ್ನ ಮುಖ ಹೇಗಾಯಿತೆಂದು ಡ್ರೈವರನ್ನು ಕೇಳಿ ತಿಳಿದುಕೊಳ್ಳುತ್ತೇನೆ. ಈ ಕಾಗದವೂ ಅವನ ಕೈಯಲ್ಲೇ ಬರುತ್ತದೆ.

ನಿನ್ನ ಅಕ್ಕ


ಜೂನ್ ೭

ಅಕ್ಕಾ,

ಲಾರಿ ಬಂತು. ವಾಪಸು ಕಳಿಸಿದೆ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಕೊನೆಗಿಟ್ಟುಕೊಂಡರೆ ನನ್ನಿಂದ ಬರೆಯಲಾಗುತ್ತಿರಲಿಲ್ಲ.

ನಮ್ಮ ಗೋದಾಮಿಗೆ ಇರುವುದು ಒಂದೇ ಗೇಟು. ಆವತ್ತು ಒಳಗಿನಿಂದ ನೀರು ಶುದ್ಧ ಮಾಡುವ ಯಂತ್ರ ಹೊರಡಬೇಕಿತ್ತು, ಅದರ ಹಿಂದೆ ಟಾರ್ಪಾಲು. ನೆರೆ ನುಗ್ಗಿದ ಊರುಗಳಲ್ಲಿ ಬಾವಿಗೆಲ್ಲ ಕೊಚ್ಚೆ ಸೇರಿ, ಮಕ್ಕಳಿಗೆ ಭೇದಿ ಶುರುವಾಗಿತ್ತು. ನಿನ್ನ ಲಾರಿ ಗೇಟಿಗೆ ಅಡ್ಡ ನಿಂತಿತ್ತು. ಇಳಿಸಿಕೊಂಡರೆ ಗಂಟು ಬಿಚ್ಚಬೇಕು, ದೊಡ್ಡವರದು, ಮಕ್ಕಳದು, ಹರಿದದ್ದು ಎಂದು ಬೇರೆ ಮಾಡಬೇಕು. ಅದಕ್ಕೆ ಬೇಕಾದ ಆಳುಗಳೇ ಯಂತ್ರ ಹೇರುತ್ತಿದ್ದರು.

ಪೆಟ್ಟಿಗೆಯನ್ನಾದರೂ ಇಳಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುತ್ತೀಯ. ಡ್ರೈವರನೂ ಅದನ್ನೇ ಕೇಳಿದ. "ಸಾರ್, ನಿಮ್ಮ ಭಾವನವರದಂತೆ, ಇಷ್ಟೊಂದನ್ನ ತಗೊಂಬಿಡಿ" ಅಂದ. ನಿನ್ನ ಕಾಗದ ಆಗಲೇ ನನ್ನ ಕೈಯಲ್ಲಿತ್ತು. ಹಿಂದೆ ಬಟ್ಟೆಯದೇ ಇನ್ನೆರಡು ಲಾರಿ ನಿಂತಿದ್ದವು. ಅವುಗಳಲ್ಲೂ ಯಾರದೋ ಮನೆಯ ಪೆಟ್ಟಿಗೆ ಇದ್ದಿರಬೇಕು. ನನ್ನ ಮನೆಯದನ್ನು ಮಾತ್ರ ಇಳಿಸಿಕೊಂಡರೆ ನಮ್ಮ ಗೇಟಿನವನು ನಾಳೆಯಿಂದ ಯಾರಿಗೆ ಇಲ್ಲ ಅಂದಾನು?

ಪೆಟ್ಟಿಗೆಯ ಮೇಲೆ ಒಂದು ಸಲ ಕೈ ಇಟ್ಟೆ. ಅಷ್ಟೇ.

ನಿನ್ನ ತಮ್ಮ


ಜೂನ್ ೧೨

ತಮ್ಮಾ,

ಲಾರಿ ಬಂತು. ಬೀದಿಯವರು ಯಾಕೆಂದು ಕೇಳಿದರು, ಗೇಟು ಮುಚ್ಚಿತ್ತಂತೆ ಅಂದೆ. ಅವರವರ ಗಂಟು ಅವರವರು ತೆಗೆದುಕೊಂಡು ಹೋದರು.

ಪೆಟ್ಟಿಗೆ ಮುಂದಿನ ಕೋಣೆಯಲ್ಲಿ, ಇದ್ದ ಜಾಗದಲ್ಲೇ ಇದೆ. ನೀನು ಹೇಳಿದ್ದು ಅರ್ಥವಾಯಿತು. ಅರ್ಥವಾಗುವುದು ಬೇರೆ.

ಸ್ವಲ್ಪ ದಿನ ಬರೆಯಬೇಡ.

ಅಕ್ಕ


ಆಗಸ್ಟ್ ೧೯

ಅಕ್ಕಾ,

ಸ್ವಲ್ಪ ದಿನ ಅಂದೆ, ಎಷ್ಟೆಂದು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಬರೆಯುತ್ತಿದ್ದೇನೆ. ಬೇಡವಾದರೆ ಓದದೆ ಟೈಲರಮ್ಮನಿಗೆ ಕೊಡು, ಅಳತೆ ಬರೆದುಕೊಳ್ಳಲು ಹಿಂಬದಿ ಖಾಲಿ ಇದೆ.

ನೆರೆ ಇಳಿದ ಮೇಲೆ ಆ ಊರುಗಳಿಗೆ ಹೋಗಿ ಬಂದೆ. ಒಂದು ಶಾಲೆಯ ಆಟದ ಮೈದಾನದಲ್ಲಿ ಬಟ್ಟೆಯ ರಾಶಿ ಇತ್ತು, ನನ್ನ ಎತ್ತರಕ್ಕೂ ಮೇಲೆ. ನಮ್ಮ ಗೇಟಿಗೆ ಬಾರದೆ ನೇರವಾಗಿ ಹೋದ ಲಾರಿಗಳು ಅಲ್ಲಿ ಸುರಿದು ಬಂದಿದ್ದವು. ಮಳೆಗೆ ನೆನೆದು ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಮೇಲೆ ಒಂದು ಕೋಟು, ಇಸ್ತ್ರಿಯ ಗೀರು ಇನ್ನೂ ಕಾಣುತ್ತಿತ್ತು. ಯಾರೋ ಮನಸ್ಸಿಟ್ಟು ಇಸ್ತ್ರಿ ಮಾಡಿದ್ದರು. ಹೆಲಿಕಾಪ್ಟರು ಇಳಿಯಬೇಕಾಗಿದ್ದ ಜಾಗ ಅದು. ಇಳಿಯಲಾಗದೆ ಔಷಧಿ ಹೊತ್ತುಕೊಂಡೇ ಎರಡು ಸುತ್ತು ಹಾಕಿ ಹಿಂದಕ್ಕೆ ಹೋಗಿತ್ತಂತೆ. ಕೊನೆಗೆ ಊರಿನವರೇ ಆ ರಾಶಿಗೆ ಬೆಂಕಿ ಇಟ್ಟರು. ಒದ್ದೆ ಬಟ್ಟೆ ಉರಿಯಲೂ ಇಲ್ಲ, ದಿನವಿಡೀ ಹೊಗೆಯಾಡಿತು. ಭಾವನ ಅಂಗಿ ಇದರಲ್ಲಿ ಇಲ್ಲವಲ್ಲ ಎಂದುಕೊಂಡು ನಿಂತಿದ್ದೆ.

ನಮ್ಮಲ್ಲೂ ತಪ್ಪಾಗುತ್ತದೆ. ಇಲ್ಲಿ ಹಿರಿಯರೊಬ್ಬರಿದ್ದಾರೆ, ಹಗ್ಗದಣ್ಣ ಅನ್ನುತ್ತೇವೆ. ಹಿಂದೊಮ್ಮೆ ಭೂಕಂಪವಾದಾಗ ಟಾರ್ಪಾಲು ಕಳಿಸಿ ಕಟ್ಟಲು ಹಗ್ಗ ಕಳಿಸುವುದನ್ನು ಮರೆತರು. ಗಾಳಿಯಲ್ಲಿ ಜನ ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ನಿಂತಿದ್ದರಂತೆ, ಒಬ್ಬರು ಮಲಗಬೇಕಾದರೆ ಇನ್ನೊಬ್ಬರು ಹಿಡಿಯಬೇಕು. ಈಗ ಹಗ್ಗ ಒಳಗೇ ಸುತ್ತಿದ ಟಾರ್ಪಾಲು ಮಾತ್ರ ಇಲ್ಲಿಂದ ಆಚೆ ಹೋಗುತ್ತದೆ. ಅವರೇ ಒಂದೊಂದನ್ನೂ ತಟ್ಟಿ ನೋಡುತ್ತಾರೆ. ನಿನ್ನ ಲಾರಿಯ ವಿಷಯ ಹೇಳಿದಾಗ, "ಅವರನ್ನ ಒಂದ್ಸಲ ಕರ್ಕೊಂಡು ಬಾರಪ್ಪ, ಬೇಡ ಅಂದ್ಮೇಲೆ ಬೇಕಾದ್ದು ಏನಂತ ತೋರಿಸ್ಬೇಕಲ್ಲ" ಅಂದರು.

ಬಾ. ಬೈಯುವುದಾದರೂ ಎದುರಿಗೇ ಬೈಯಬಹುದು.

ನಿನ್ನ ತಮ್ಮ


ಸೆಪ್ಟೆಂಬರ್ ೧೬

ತಮ್ಮಾ,

ಬಸ್ಸಿನಲ್ಲಿ ಆರಾಮಾಗಿ ಬಂದು ತಲುಪಿದೆ. ಗೋದಾಮಿನೊಳಗೆ ಒಂದೆರಡು ಪ್ರಶ್ನೆ ಬಿಟ್ಟರೆ ನಾನು ಮಾತೇ ಆಡಲಿಲ್ಲವೆಂದು ನೀನು ಮುಖ ಸಣ್ಣದು ಮಾಡಿಕೊಂಡೆ. ಇನ್ನೂ ಸಿಟ್ಟಿದೆ ಅಂದುಕೊಂಡೆಯೇನೋ. ಸಿಟ್ಟಲ್ಲ, ನೋಡುವುದೇ ಬಹಳವಿತ್ತು.

ಚಾವಣಿಯವರೆಗೆ ಕಂಬಳಿ. ಕತ್ತೆತ್ತಿ ನೋಡಿ ಕತ್ತು ನೋಯಿತು. ಯಾರಿಗೆ ಇವೆಲ್ಲ ಎಂದು ಕೇಳಿದೆ. "ಗೊತ್ತಿಲ್ಲ ಅಕ್ಕ" ಅಂದೆ. ಯಾವ ಊರಿಗೆ? ಅದೂ ಗೊತ್ತಿಲ್ಲ. ಯಾವತ್ತಿಗೆ? "ಅದೂ ಗೊತ್ತಿಲ್ಲ. ಬೇಕಾಗತ್ತೆ ಅನ್ನೋದೊಂದು ಗೊತ್ತು." ನೀನು ದಿನಾ ಆಡುವ ಮಾತಿರಬೇಕು, ಹಾಗೇ ಮುಂದಕ್ಕೆ ನಡೆದುಬಿಟ್ಟೆ. ನಾನು ಅಲ್ಲೇ ನಿಂತೆ. ಆ ಕಂಬಳಿ ಹೊದೆಯಬೇಕಾದ ಹೆಂಗಸು ಈ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಮಗುವಿನ ತಲೆ ಬಾಚುತ್ತಿರುತ್ತಾಳೆ. ಅವಳಿಗೆ ಏನೂ ಆಗಿಲ್ಲ. ಮುಂದೆ ಆಗುವುದು ಅವಳಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆದರೂ ಅವಳ ಪಾಲಿನ ಕಂಬಳಿ ಆಗಲೇ ಅಲ್ಲಿದೆ, ಇಲಿ ಕಡಿಯದ ಹಾಗೆ ಯಾರೋ ನೋಡಿಕೊಳ್ಳುತ್ತಿದ್ದಾರೆ.

ಒಂದು ಮನೆಗೊಂದರಂತೆ ಕಟ್ಟಿದ ಡಬ್ಬವನ್ನು ಹಗ್ಗದಣ್ಣ ನನಗೆ ಬಿಚ್ಚಿ ತೋರಿಸಿದರು. ಪಾತ್ರೆ, ಅದಕ್ಕೆ ಮುಚ್ಚಳ, ಸೌಟು, ಸೋಪು, ಬಕೆಟ್ಟು, ಸೂಜಿ ದಾರ. ಹೆಂಗಸರಿಗೆ ತಿಂಗಳಿಗೆ ಬೇಕಾಗುವುದನ್ನೂ ಇಟ್ಟಿದ್ದರು, ಹೊರಗೆ ಕಾಣದ ಹಾಗೆ ಕಪ್ಪು ಚೀಲದಲ್ಲಿ. ಮನೆ ಕೊಚ್ಚಿಹೋದವಳಿಗೂ ನಾಚಿಕೆ ಇರುತ್ತದೆಂದು ಯಾರೋ ಒಂದು ದಿನ ಕುಳಿತು ಯೋಚಿಸಿದ್ದಾರೆ. ನಾನು ಮುಖ ಆ ಕಡೆ ತಿರುಗಿಸಿದ್ದು ಅದಕ್ಕೆ.

ಗೋಡೆಯ ಮೇಲಿನ ನಕ್ಷೆಯಲ್ಲಿ ಊರುಗಳಿಗಿಂತ ಸೇತುವೆಗಳೇ ದೊಡ್ಡದಾಗಿದ್ದವು, ಯಾವುದು ಎಷ್ಟು ಭಾರ ತಡೆಯುತ್ತದೆಂದು ಬರೆದಿತ್ತು. ಲಾರಿ ತುಂಬುವುದನ್ನೂ ನೋಡಿದೆ. ಮೊದಲು ಬೇಕಾದ್ದನ್ನು ಕೊನೆಗೆ ಹೇರುತ್ತೀರಿ, ಬಾಗಿಲು ತೆಗೆದರೆ ಅದೇ ಕೈಗೆ ಸಿಗಬೇಕು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಹೇರುವವನು ಇಲ್ಲಿ ನಿಂತು, ಎಲ್ಲೋ ದೂರದಲ್ಲಿ ಬಾಗಿಲು ತೆಗೆಯುವ ಕೈಯನ್ನು ಕಾಣಬೇಕಲ್ಲ.

ಕೊನೆಯಲ್ಲಿ ಆ ಖಾಲಿ ಅಂಕಣ. ಅಷ್ಟು ಸಾಮಾನು ಒತ್ತೊತ್ತಾಗಿರುವಾಗ ಅದೊಂದನ್ನು ಗುಡಿಸಿ ಖಾಲಿ ಇಟ್ಟಿದ್ದೀರಿ. ತುಂಬಬಾರದೇ ಎಂದು ನಾನು ಕೇಳಿದ್ದಕ್ಕೆ, ಪೂರ್ತಿ ತುಂಬಿದ ಗೋದಾಮಿನಲ್ಲಿ ಯಾವುದೂ ಅಲ್ಲಾಡುವುದಿಲ್ಲ, ಬಂದದ್ದನ್ನು ಇಳಿಸಿ ಹೊರಟದ್ದನ್ನು ಜೋಡಿಸಲು ಬರಿದು ನೆಲ ಬೇಕು, ಈ ಗೋದಾಮಿನಲ್ಲಿ ಎಲ್ಲಕ್ಕಿಂತ ದುಬಾರಿ ಜಾಗ ಅದೇ ಅಂದೆ ನೀನು. ನಮ್ಮ ಬೀದಿಯ ಲಾರಿ ಇಳಿಸಿಕೊಂಡಿದ್ದರೆ ಆ ನೆಲದ ಮೇಲೇ ಇಳಿಸಬೇಕಿತ್ತು. ನೀನು ಹೇಳಲಿಲ್ಲ. ನಾನೇ ತಿಳಿದುಕೊಂಡೆ.

ಬರುವಾಗ ಬಸ್ಸಿನ ಕಿಟಕಿಯಿಂದ ಮನೆಗಳನ್ನೇ ನೋಡುತ್ತ ಬಂದೆ. ಒಂದು ಮನೆಯ ಮುಂದೆ ಅಜ್ಜ ಸೈಕಲ್ಲು ಒರೆಸುತ್ತಿದ್ದರು. ನನಗೂ ಫೆಬ್ರವರಿಗೆ ಮೊದಲೇ ಎಲ್ಲಾದರೂ ಏನಾದರೂ ಎತ್ತಿಟ್ಟಿದ್ದರೆ ಅನ್ನಿಸಿತು. ಆ ಮಾತು ಇಲ್ಲಿಗೆ ಬಿಡುತ್ತೇನೆ.

ಪೆಟ್ಟಿಗೆಯ ಆಸೆ ಇನ್ನೂ ಬಿಟ್ಟಿಲ್ಲ. ನಿನ್ನನ್ನು ಬೈಯುವುದು ಬಿಟ್ಟಿದ್ದೇನೆ.

ಅಕ್ಕ


ಅಕ್ಟೋಬರ್ ೨

ಅಕ್ಕಾ,

ನೀನು ಬಂದು ಹೋದ ಮೇಲೆ ಹಗ್ಗದಣ್ಣ ನಿನ್ನ ಬಗ್ಗೆ ಎರಡು ಸಲ ಕೇಳಿದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಒಂದು ಸಲವೂ ಕೇಳಿಲ್ಲ.

ಈಗ ಕೆಲಸದ ಮಾತು. ಈ ವರ್ಷದ ಕೊನೆಗೆ ಬಿರುಗಾಳಿಯೇನಾದರೂ ಬಂದರೆ ನಿಮ್ಮ ಊರಿನಾಚೆಯ ಕರಾವಳಿಗೆ ಹೊಡೆಯಬಹುದೆಂಬ ಅಂದಾಜಿದೆ. ಹಾಗಾದರೆ ನಮ್ಮ ಲಾರಿಗಳೆಲ್ಲ ನಿನ್ನ ಮನೆಯ ಮುಂದಿನ ಹೆದ್ದಾರಿಯಲ್ಲೇ ಹೋಗಬೇಕು. ನಮ್ಮ ಹತ್ತಿರ ಕಂಬಳಿ ಇದೆ, ಲಾರಿ ಇದೆ, ದಾರಿ ಗೊತ್ತಿದೆ. ಇಲ್ಲದ್ದು ಒಂದೇ, ಡ್ರೈವರಿಗೆ ನಿದ್ದೆ. ಕಳೆದ ಸಲ ಒಬ್ಬ ಕಣ್ಣು ಮುಚ್ಚಿ ಲಾರಿಯನ್ನು ಹಳ್ಳಕ್ಕೆ ಇಳಿಸಿದ. ಜೀವ ಉಳಿಯಿತು, ಸಾಮಾನು ಹೋಯಿತು. ರಸ್ತೆಯ ಪಕ್ಕ ನಿಲ್ಲಿಸಿ ಮಲಗಿದರೆ ಹಿಂದಿನ ವಾಹನಗಳ ಹಾರ್ನು ಬಿಡುವುದಿಲ್ಲ. ಈ ಇಡೀ ಸರಪಳಿ ಕೊನೆಗೆ ಒಬ್ಬನ ರೆಪ್ಪೆಯ ಮೇಲೆ ನಿಂತಿದೆ ಎಂದು ನಮ್ಮ ಸಭೆಯಲ್ಲಿ ಯಾರೂ ಬರೆಯುವುದಿಲ್ಲ.

ನಿನ್ನ ಅಂಗಳದಲ್ಲಿ ಎರಡು ಲಾರಿ ನಿಲ್ಲುತ್ತವೆ. ಮುಂದಿನ ಕೋಣೆಗೆ ಬೇರೆ ಬಾಗಿಲಿದೆ. ಆ ಕೋಣೆಯನ್ನು ಖಾಲಿ ಮಾಡಿ ಇಟ್ಟುಕೊಳ್ಳುತ್ತೀಯಾ? ಬಿರುಗಾಳಿ ಬಾರದೆಯೂ ಇರಬಹುದು. ಆಗ ಸುಮ್ಮನೆ ಖಾಲಿ ಇರುತ್ತದೆ.

ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಗೊತ್ತು. ಆಗುವುದಿಲ್ಲ ಅಂದರೂ ನಾನು ನಿನ್ನ ತಮ್ಮನೇ.


ಅಕ್ಟೋಬರ್ ೨೪

ತಮ್ಮಾ,

ಉತ್ತರ ತಡವಾಯಿತು. ಕೋಣೆಯ ಬಾಗಿಲಲ್ಲಿ ನಿಂತು ನಿಂತು ವಾಪಸು ಬರುತ್ತಿದ್ದೆ.

ಅದು ಅವರು ಮಲಗುತ್ತಿದ್ದ ಕೋಣೆ. ಬೆಳಗಿನ ಬಸ್ಸು ಓಡಿಸುವ ಡ್ಯೂಟಿ ಇದ್ದ ದಿನಗಳಲ್ಲಿ ನನ್ನ ಪಾತ್ರೆಯ ಸದ್ದು ಕೇಳದಿರಲೆಂದು ಅಲ್ಲಿ ಮಲಗುತ್ತಿದ್ದರು. ಕೊನೆಯ ದಿನವೂ ಅಲ್ಲೇ ಮಲಗಿದ್ದರು. ಟೈಲರಮ್ಮ ಬಂದು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿಯಲೇಬೇಕಾಯಿತು. ಮಂಚವನ್ನು ಆಚೆ ಗೋಡೆಗೆ ಹಾಕಿದೆವು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಅವರ ವಸ್ತುಗಳೆಲ್ಲ ನನ್ನ ಕೋಣೆಗೆ ಬಂದವು. ಪೆಟ್ಟಿಗೆಯೂ ಈಗ ನನ್ನ ಮಂಚದ ಕೆಳಗಿದೆ, ಕಾಲಿಗೆ ತಾಗುತ್ತದೆ.

ನೆಲ ಒರೆಸಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ. ಕೋಣೆ ಯಾರಿಗೋ ಕಾಯುತ್ತಿರುವ ಹಾಗೆ ಕಂಡಿತು.

ಡ್ರೈವರುಗಳ ವಿಷಯ ನಿಮಗೆ ಒಂದು ಹೇಳಬೇಕು. ಮಲಗಿದ ಡ್ರೈವರನ್ನು ಹೆಸರು ಹಿಡಿದು ಕೂಗಿ ಎಬ್ಬಿಸಬಾರದು. ಗಾಬರಿಯಿಂದ ಏಳುತ್ತಾರೆ, ಕಾಲು ಬ್ರೇಕು ಹುಡುಕುತ್ತದೆ. ಮೆಲ್ಲಗೆ ಹೆಬ್ಬೆರಳು ಮುಟ್ಟಬೇಕು. ಬೇರೆ ಕಡೆ ಇಂಥ ಮನೆ ಮಾಡಿದರೆ ಅವರಿಗೂ ತಿಳಿಸು.

ಅಕ್ಕ


ನವೆಂಬರ್ ೧೧

ಅಕ್ಕಾ,

ಗಾಳಿ ಬರುವುದು ಖಚಿತವಾಯಿತು. ಅದು ಮುಟ್ಟುವ ಮೊದಲೇ ಸಾಮಾನು ಮುಟ್ಟಬೇಕು. ಲಾರಿಗಳು ಹೊರಟವು, ಈ ಕಾಗದ ಮೊದಲನೆಯ ಡ್ರೈವರನ ಕೈಯಲ್ಲಿದೆ. ಗಿಡ್ಡ ಮನುಷ್ಯ, ಮಾತು ಕಡಿಮೆ, ಒಳ್ಳೆಯವನು. ನಾಲ್ಕು ಗಂಟೆಯಾದರೂ ಮಲಗಿಸು. ಹೊರಡುತ್ತೇನೆಂದು ಹಟ ಮಾಡಿದರೆ ನನ್ನನ್ನು ಬೈಯುವ ಹಾಗೆ ಬೈ.

ತಮ್ಮ


ನವೆಂಬರ್ ೨೩

ತಮ್ಮಾ,

ಈಗ ಮಳೆ ನಿಂತಿದೆ. ಎಲ್ಲವನ್ನೂ ಒಂದು ಕಡೆಯಿಂದ ಬರೆಯುತ್ತೇನೆ.

ಮೊದಲನೆಯವನು ಬಂದಾಗ ಮಧ್ಯಾಹ್ನ, ಆದರೂ ದೀಪ ಹಚ್ಚುವಷ್ಟು ಕತ್ತಲು. ಸಿಮೆಂಟ್ ಅಂಗಡಿಯವರೇ ರಸ್ತೆಗೆ ನಿಂತು ಟಾರ್ಚು ಬೀಸಿ ಲಾರಿಯನ್ನು ಅಂಗಳಕ್ಕೆ ತಿರುಗಿಸಿದರು. ದಾರಿಯಲ್ಲಿ ಮರ ಬಿದ್ದಿತ್ತಂತೆ. ಇಳಿದು ನಾಲ್ಕು ಜನರ ಜೊತೆ ಕೊಂಬೆ ಎಳೆದು ಹಾಕಿ ಬಂದಿದ್ದ. ತಲೆಯಿಂದ ಕಾಲವರೆಗೆ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಅವನ ಚೀಲವೂ ನೆನೆದಿತ್ತು. ಊಟ ಬಿಸಿಯಾಗಿತ್ತು, ಹಾಸಿಗೆ ಒಣಗಿತ್ತು. ಅಷ್ಟು ದಿನದಿಂದ ಎಲ್ಲ ಅಣಿ ಮಾಡಿದವಳು ಉಡಲು ಕೊಡುವುದನ್ನು ಯೋಚಿಸಿಯೇ ಇರಲಿಲ್ಲ ನೋಡು. ಒದ್ದೆಯಲ್ಲೇ ನೆಲದ ಮೇಲೆ ಮಲಗುತ್ತೇನೆ, ಹಾಸಿಗೆ ಕೆಡುತ್ತದೆ ಅಂದ.

ನಾನು ಒಳಗೆ ಹೋಗಿ ಪೆಟ್ಟಿಗೆ ಎಳೆದೆ. ಯಾವುದನ್ನು ಕೊಡಲಿ ಎಂದು ಆರಿಸಲಿಲ್ಲ. ಆರಿಸಿದ್ದರೆ ಕೊಡುತ್ತಿರಲಿಲ್ಲ. ಮೇಲಿದ್ದದ್ದನ್ನು ತೆಗೆದೆ, ನೀಲಿ ಗೆರೆಯದು.

ನಿನ್ನ ಭಾವ ಆರಡಿ, ಇವನು ನನ್ನ ಭುಜಕ್ಕೆ ಬರುತ್ತಾನೆ. ತೋಳಿನೊಳಗೆ ಕೈಯೇ ಕಾಣಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು, "ಅಮ್ಮಾ, ಇದು ಅಂಗಿನಾ, ಡೇರೆನಾ?" ಅಂದ. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಅವಳು ಅಲ್ಲೇ ಕೂತು ತೋಳು ಮಡಿಸಿ ನಾಲ್ಕು ಹೊಲಿಗೆ ಹಾಕಿದಳು. ಯಾರದೆಂದು ಅವನು ಕೇಳಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿರಬೇಕು, ಮಲಗುವ ಮುನ್ನ ಅಂಗಿಯ ಮುಂಭಾಗವನ್ನು ಕೈಯಿಂದ ನೇವರಿಸಿಕೊಂಡ.

ಅವನು ಮಲಗಿದ ಮೇಲೆ ಬಾಗಿಲಾಚೆ ಕೂತೆ. ಗಾಳಿ ಹೆಂಚು ಅಲ್ಲಾಡಿಸುತ್ತಿತ್ತು. ಒಳಗೆ ಗೊರಕೆ. ಅಂಗಳದಲ್ಲಿ ಲಾರಿ, ಅದರೊಳಗೆ ನಾನು ಕಣ್ಣಾರೆ ಕಂಡ ಕಂಬಳಿಗಳು. ಆಚೆ ಸೇತುವೆ, ಅದರಾಚೆ ಊರುಗಳು, ಅಲ್ಲಿಯ ಶಾಲೆಗಳಲ್ಲಿ ಆಗಲೇ ಬಂದು ಕೂತ ಜನ. ಆ ಕಂಬಳಿಗಳ ನೂಲು ಎಲ್ಲಿಂದಲೋ ಹೊರಟು, ಎಷ್ಟೋ ಜನರ ಕೈ ದಾಟಿ, ಈ ಹೊತ್ತು ನನ್ನ ಮನೆಯ ಒಂದು ಗೊರಕೆಯ ಮೂಲಕ ಹಾದು ಹೋಗುತ್ತಿತ್ತು. ನನಗೆ ಇದನ್ನು ಸರಿಯಾಗಿ ಬರೆಯಲು ಬರುವುದಿಲ್ಲ. ಮೈ ಜುಮ್ಮೆಂದಿತು ಅಂತ ಮಾತ್ರ ಬರೆಯುತ್ತೇನೆ.

ನಾಲ್ಕು ಗಂಟೆಯಾದ ಮೇಲೆ ಹೆಬ್ಬೆರಳು ಮುಟ್ಟಿದೆ. ಎದ್ದ. ಟೀ ಕುಡಿದು ಕ್ಯಾಬಿನ್ನಿಗೆ ಹತ್ತಿದ. ಹತ್ತುವಾಗ ಬೆನ್ನು ಕಂಡಿತು. ನಿನ್ನ ಭಾವ ಖಾಕಿಯಲ್ಲಿ ಹಾಗೆ ಬಸ್ಸು ಹತ್ತುವುದನ್ನು ಎಷ್ಟು ವರ್ಷ ನೋಡಿದ್ದೆನೋ, ಈಗ ಅವರ ರಜೆಯ ಅಂಗಿ ಹತ್ತುತ್ತಿತ್ತು. ಈ ಗಳಿಗೆಗೆ ನಾನು ಹೆದರಿದ್ದೆ, ನಿಂತಲ್ಲೇ ಕುಸಿಯುತ್ತೇನೆ ಎಂದು. ಆದರೆ ನೋಡುತ್ತ ನಿಲ್ಲಲು ಆಗಲಿಲ್ಲ. ಎರಡನೆಯ ಲಾರಿ ಬಂದು ಹಾರ್ನು ಹೊಡೆಯಿತು, ಚಾದರ ಬದಲಿಸಬೇಕಿತ್ತು.

ಬಿರುಗಾಳಿ ಕರಾವಳಿ ದಾಟಿತೆಂದು ರೇಡಿಯೋದಲ್ಲಿ ಒಂದೇ ಸಾಲು ಹೇಳಿದರು. ಮನೆಗಳು ಬಿದ್ದಿವೆ, ಜನ ಸುರಕ್ಷಿತ ಎಂದು. ಆಮೇಲೆ ಕ್ರಿಕೆಟ್ಟು. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಸಣ್ಣದಾಗಿ ಹೇಳಿಬಿಟ್ಟರಲ್ಲ ಎಂದು ನಾನೂ ಟೈಲರಮ್ಮನೂ ಮುಖ ಮುಖ ನೋಡಿಕೊಂಡೆವು.

ಅಂಗಿ ಅವನು ವಾಪಸು ತಂದಿಲ್ಲ. ತರುವುದೂ ಬೇಡ. ಪೆಟ್ಟಿಗೆಯಲ್ಲಿ ಇನ್ನೂ ಉಳಿದಿವೆ. ಬೇಕಾದ್ದೇನು ಎಂದು ಕೇಳದೆ ಕಳಿಸಬಾರದೆಂದು ನೀವೇ ಹೇಳುವುದಲ್ಲವೇ? ನಾನೂ ಹಾಗೇ ಹೇಳುತ್ತಿದ್ದೇನೆ. ಮುಂದಿನ ಸಲ ಬರುವ ಡ್ರೈವರುಗಳ ಎತ್ತರ, ಎದೆಯ ಅಳತೆ ಮೊದಲೇ ಬರೆದು ಕಳಿಸು. ಟೈಲರಮ್ಮ ಕತ್ತರಿಸಿ ಹೊಲಿದು ಇಡುತ್ತಾಳಂತೆ. ಕತ್ತರಿ ಹಾಕಲೇ ಎಂದು ಕೇಳಿದಳು. ಹಾಕು ಅಂದೆ.

ನಿನ್ನ ಅಕ್ಕ